ಯುಎಫ್‌ಒ ವರದಿ ಮತ್ತು ಛಾಯಾಚಿತ್ರಗಳನ್ನು ಸೇನಾ ಕ್ರಮದಲ್ಲಿ ತನಿಖೆ ಮಾಡುವುದು ಹೇಗೆ?

ಆಕಾಶದಲ್ಲಿ ಗುರುತು ಹತ್ತದ ವಸ್ತುವೊಂದನ್ನು (ಯುಎಫ್‌ಒ) ಕಂಡೆನೆಂದು ಯಾರಾದರೂ ವರದಿ ಕೊಟ್ಟಾಗ ಸೇನೆ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ ಬಹಳ ಒಣ ಪ್ರಶ್ನೆ: ನಮ್ಮ ವಾಯುಪ್ರದೇಶದೊಳಗೆ ನಮಗೆ ತಿಳಿಯದ ವಿಮಾನವೋ ಕ್ಷಿಪಣಿಯೋ ಡ್ರೋನೋ ಬಂದಿದೆಯೇ, ಬಂದಿದ್ದರೆ ಅದರಿಂದ ಅಪಾಯವಿದೆಯೇ? ಅಮೆರಿಕದ ವಾಯುಪಡೆ 1948ರಲ್ಲಿ 'ಪ್ರಾಜೆಕ್ಟ್ ಸೈನ್' ಎಂದು ಆರಂಭಿಸಿ, 'ಗ್ರಡ್ಜ್' ಎಂದು ಮುಂದುವರಿಸಿ, 1952ರಿಂದ 1969ರವರೆಗೆ 'ಬ್ಲೂ ಬುಕ್' ಎಂಬ ಹೆಸರಿನಲ್ಲಿ ಓಹಾಯೋದ ರೈಟ್-ಪ್ಯಾಟರ್ಸನ್ ವಾಯುನೆಲೆಯಿಂದ ನಡೆಸಿದ ತನಿಖೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಸಾಗಿದವು. ಒಟ್ಟು 12,618 ವರದಿಗಳು ಕಡತ ಸೇರಿದವು. ಅವುಗಳಲ್ಲಿ 701 ವರದಿಗಳು 'ಗುರುತಿಸಲಾಗಿಲ್ಲ' ಎಂಬ ಷರಾದೊಂದಿಗೆ ಉಳಿದವು. ಈ ಕಡತಗಳು ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರ ಓದಿಗೆ ತೆರೆದಿವೆ.

ಅವುಗಳನ್ನು ಓದುತ್ತ ಹೋದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಸಾಕ್ಷಿಯ ಹುದ್ದೆ ಎಷ್ಟೇ ದೊಡ್ಡದಿರಲಿ, ಕಂಡದ್ದು ಎಷ್ಟೇ ವಿಚಿತ್ರವಾಗಿರಲಿ, ಪ್ರಕರಣ ಇತ್ಯರ್ಥವಾಗುವುದು ಸಮಯ, ದಿಕ್ಕು, ಕೋನ ಮತ್ತು ಮೂಲ ಪ್ರತಿ ಎಂಬ ನಾಲ್ಕು ಬೇಸರದ ಕಲಮುಗಳು ಸರಿಯಾಗಿ ತುಂಬಿದ್ದರೆ ಮಾತ್ರ. ಪತ್ರಕರ್ತರು, ಹವ್ಯಾಸಿ ಖಗೋಳವೀಕ್ಷಕರು ಅಥವಾ ಇಂಥ ವರದಿ ತಮ್ಮ ಮೇಜಿಗೆ ಬಂದ ಯಾರೇ ಆಗಲಿ ಅದನ್ನು ಪರಿಶೀಲಿಸುವಾಗ ಅನುಸರಿಸಬಹುದಾದ ಕ್ರಮವನ್ನು, ಸೇನೆಗಳು ಸರಿಯಾಗಿ ಮಾಡಿದ ಮತ್ತು ಎಡವಿದ ತನಿಖೆಗಳ ಆಧಾರದಲ್ಲಿ, ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸ: ಅಳಿಸಿಹೋಗುವುದನ್ನು ಉಳಿಸಿಕೊಳ್ಳುವುದು

ವರದಿ ಬಂದ ಕೂಡಲೇ ಸಾಕ್ಷಿಯ ಮನೆಗೆ ಧಾವಿಸಬೇಕಾಗಿಲ್ಲ. ಸಾಕ್ಷಿ ನಾಳೆಯೂ ಸಿಗುತ್ತಾರೆ. ರಾಡಾರ್ ದಾಖಲೆ, ವಿಮಾನ ನಿಯಂತ್ರಣ ಗೋಪುರದ ಧ್ವನಿಮುದ್ರಿಕೆ, ಸಿಸಿಟಿವಿ ದೃಶ್ಯ ಇವೆಲ್ಲ ಕೆಲವು ದಿನ ಅಥವಾ ವಾರಗಳಲ್ಲಿ ಅಳಿಸಿಹೋಗುತ್ತವೆ. ಆದ್ದರಿಂದ ಘಟನೆಯ ಹಿಂದಿನ ಮತ್ತು ಮುಂದಿನ ಒಂದೊಂದು ಗಂಟೆಯ ದಾಖಲೆಗಳನ್ನು ತೆಗೆದಿಡುವಂತೆ ಸಂಬಂಧಪಟ್ಟವರಿಗೆ ಲಿಖಿತವಾಗಿ ಕೇಳಿಕೊಳ್ಳಬೇಕು. ಸೇನೆಯ ಹೊರಗಿರುವವರಿಗೆ ರಾಡಾರ್ ದಾಖಲೆ ಸಿಗುವುದಿಲ್ಲವಾದರೂ, ನಾಗರಿಕ ವಿಮಾನಗಳು ತಾವಾಗಿಯೇ ಬಿತ್ತರಿಸುವ ಎಡಿಎಸ್-ಬಿ ಸ್ಥಾನಮಾಹಿತಿಯನ್ನು ಸಾರ್ವಜನಿಕ ತಾಣಗಳಿಂದ ಅಂದೇ ಉಳಿಸಿಕೊಳ್ಳಬಹುದು. ಘಟನೆಯ ಸಮಯವನ್ನು ಸ್ಥಳೀಯ ಸಮಯ ಮತ್ತು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಎರಡರಲ್ಲೂ ಬರೆದಿಡುವುದು ಒಳ್ಳೆಯದು, ಏಕೆಂದರೆ ಉಪಗ್ರಹ, ಹವಾಮಾನ ಮತ್ತು ವಿಮಾನಗಳ ದಾಖಲೆಗಳೆಲ್ಲ ಯುಟಿಸಿಯಲ್ಲಿರುತ್ತವೆ ಮತ್ತು ಮಧ್ಯರಾತ್ರಿಯ ಆಸುಪಾಸಿನ ಘಟನೆಗಳಲ್ಲಿ ದಿನಾಂಕವೇ ಬದಲಾಗಿಬಿಡುತ್ತದೆ.

ಇದರ ಜೊತೆಗೇ ಸೇನಾ ತನಿಖಾಧಿಕಾರಿ ಮಾಡಬೇಕಾದ, ಆದರೆ ಇತಿಹಾಸದಲ್ಲಿ ಹಲವು ಬಾರಿ ಮಾಡಲಾಗದೆ ಹೋದ ಕೆಲಸವೊಂದಿದೆ: ತಮ್ಮದೇ ಪಾಳೆಯದಲ್ಲಿ ವಿಚಾರಿಸುವುದು. 1948ರ ಜನವರಿ 7ರಂದು ಕೆಂಟಕಿಯ ಗಾಡ್‌ಮನ್ ವಾಯುನೆಲೆಯವರು ಆಕಾಶದಲ್ಲಿ ಕಂಡ ಹೊಳೆಯುವ ವಸ್ತುವನ್ನು ನೋಡಿ ಬರುವಂತೆ ಅತ್ತ ಹಾರುತ್ತಿದ್ದ ಯುದ್ಧವಿಮಾನಗಳಿಗೆ ಸೂಚಿಸಿದರು. ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಆಮ್ಲಜನಕದ ವ್ಯವಸ್ಥೆಯಿಲ್ಲದ ಎಫ್-51 ವಿಮಾನದಲ್ಲಿ 20,000 ಅಡಿಗೂ ಮೇಲೆ ಅದನ್ನು ಬೆನ್ನಟ್ಟಿ ಹೋಗಿ ವಿಮಾನ ಪತನಗೊಂಡು ತೀರಿಕೊಂಡರು. ತನಿಖೆ ಮೊದಲು ಶುಕ್ರಗ್ರಹದತ್ತ ಬೆರಳು ಮಾಡಿತು. ನೌಕಾಪಡೆ 'ಸ್ಕೈಹುಕ್' ಎಂಬ ಬೃಹತ್ ಬಲೂನುಗಳನ್ನು ಅತಿ ಎತ್ತರಕ್ಕೆ ಹಾರಿಸುತ್ತಿದ್ದುದು ಆಗ ಗುಟ್ಟಾಗಿತ್ತು. ಮ್ಯಾಂಟೆಲ್ ಬೆನ್ನಟ್ಟಿದ್ದು ಬಹುಶಃ ಅಂಥದೊಂದು ಬಲೂನನ್ನೇ ಎಂಬ ವಿವರಣೆ ವರ್ಷಗಳ ನಂತರ ಮುಂದೆ ಬಂತು. ಒಂದು ಪಡೆಯ ಗುಟ್ಟು ಇನ್ನೊಂದು ಪಡೆಯ ತನಿಖಾಧಿಕಾರಿಗೆ ತಿಳಿಯದಿದ್ದಾಗ ಕಡತದಲ್ಲಿ ತಪ್ಪು ಉತ್ತರ ಸೇರುತ್ತದೆ, ಅಥವಾ ಉತ್ತರವೇ ಇಲ್ಲದೆ ಉಳಿಯುತ್ತದೆ. ಹಳೆಯ ಕಡತ ಓದುವವರು ಆ ಕಾಲದಲ್ಲಿ ಯಾವ ಗುಪ್ತ ಪರೀಕ್ಷೆಗಳು ನಡೆಯುತ್ತಿದ್ದವು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಸಾಕ್ಷಿಯಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು

ಒಬ್ಬರಿಗಿಂತ ಹೆಚ್ಚು ಸಾಕ್ಷಿಗಳಿದ್ದರೆ ಅವರು ಪರಸ್ಪರ ಮಾತಾಡಿಕೊಳ್ಳುವ ಮುನ್ನವೇ ಬೇರೆ ಬೇರೆಯಾಗಿ ಕೂರಿಸಿ ಹೇಳಿಕೆ ಪಡೆಯಬೇಕು. ಮೊದಲು ಅವರು ತಮ್ಮದೇ ಮಾತಿನಲ್ಲಿ ಇಡೀ ಘಟನೆಯನ್ನು ಹೇಳಲಿ. ನಡುವೆ ಬಾಯಿ ಹಾಕಬಾರದು. ಅದು ಮುಗಿದ ಮೇಲೆ ಕಾಗದ ಕೊಟ್ಟು ಚಿತ್ರ ಬರೆಸಬೇಕು. ಛಾಯಾಚಿತ್ರವಿದ್ದರೆ ಅದನ್ನು ತೋರಿಸುವುದು ಚಿತ್ರ ಬರೆಸಿದ ನಂತರವೇ, ಏಕೆಂದರೆ ಫೋಟೊ ನೋಡಿದ ಸಾಕ್ಷಿ ಆಮೇಲೆ ನೆನಪಿಸಿಕೊಳ್ಳುವುದು ಆಕಾಶವನ್ನಲ್ಲ, ಫೋಟೊವನ್ನು. 'ಅದು ತಟ್ಟೆಯ ಆಕಾರದಲ್ಲಿತ್ತೇ?' ಎಂಬಂಥ ಪ್ರಶ್ನೆ ಉತ್ತರವನ್ನು ತಾನೇ ಬಾಯಿಗೆ ತುರುಕುತ್ತದೆ. 'ಅಂಚು ಸ್ಪಷ್ಟವಾಗಿತ್ತೇ, ಮಸುಕಾಗಿತ್ತೇ?' ಎಂದು ಕೇಳಿದರೆ ಬರುವ ಉತ್ತರ ಉಪಯೋಗಕ್ಕೆ ಬರುತ್ತದೆ.

ಎಷ್ಟು ದೊಡ್ಡದಿತ್ತು, ಎಷ್ಟು ದೂರದಲ್ಲಿತ್ತು, ಎಷ್ಟು ವೇಗವಾಗಿ ಹೋಯಿತು ಎಂಬ ಮೂರು ಪ್ರಶ್ನೆಗಳನ್ನು ಎಲ್ಲರೂ ಮೊದಲು ಕೇಳುತ್ತಾರೆ. ಇವುಗಳಿಗೆ ಸಿಗುವ ಉತ್ತರಗಳಿಗೆ ಹೆಚ್ಚಿನ ಬೆಲೆಯಿಲ್ಲ. ಹಿನ್ನೆಲೆಯಲ್ಲಿ ಬರಿಯ ಆಕಾಶವಿದ್ದು ವಸ್ತುವೂ ಅಪರಿಚಿತವಾಗಿದ್ದರೆ, ಅದರ ಗಾತ್ರ ಮತ್ತು ದೂರವನ್ನು ಬಿಡಿಬಿಡಿಯಾಗಿ ಅಳೆಯಲು ಮನುಷ್ಯನ ಕಣ್ಣಿಗೆ ಯಾವ ಆಧಾರವೂ ಸಿಗುವುದಿಲ್ಲ. 500 ಮೀಟರ್ ದೂರದ 5 ಮೀಟರ್ ವಸ್ತುವೂ 5 ಕಿಲೋಮೀಟರ್ ದೂರದ 50 ಮೀಟರ್ ವಸ್ತುವೂ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುತ್ತವೆ. ಅದಕ್ಕಾಗಿಯೇ ಬ್ಲೂ ಬುಕ್ ಪ್ರಶ್ನಾವಳಿಯಲ್ಲಿ ಜಾಣ ಪ್ರಶ್ನೆಯೊಂದಿತ್ತು: ತೋಳುದ್ದದಲ್ಲಿ ಹಿಡಿದ ಗುಂಡುಸೂಜಿಯ ತಲೆ, ಬಟಾಣಿ ಕಾಳು, ವಿವಿಧ ನಾಣ್ಯಗಳು, ಹೀಗೆ ಯಾವುದರಷ್ಟು ದೊಡ್ಡದಾಗಿ ಅದು ಕಂಡಿತು? ಇದರಿಂದ ಸಿಗುವುದು ಕೋನೀಯ ಅಳತೆ. ಇಷ್ಟು ಕೇಳಿದರೂ ಜನ ದೊಡ್ಡದಾಗಿಯೇ ಹೇಳುತ್ತಾರೆ ಎಂಬುದು ನೆನಪಿರಲಿ. ಅರ್ಧ ಡಿಗ್ರಿಯಷ್ಟೇ ಅಗಲವಿರುವ ಹುಣ್ಣಿಮೆಯ ಚಂದ್ರನನ್ನು ತೋಳುದ್ದದಲ್ಲಿ ಹಿಡಿದ ಬಟಾಣಿ ಕಾಳೊಂದು ಮುಚ್ಚಬಲ್ಲದು ಎಂದರೆ ಹೆಚ್ಚಿನವರು ನಂಬುವುದಿಲ್ಲ.

ಮುಂದಿನ ಹೆಜ್ಜೆಯನ್ನು ಘಟನೆ ನಡೆದ ಜಾಗದಲ್ಲೇ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ ಇಡಬೇಕು. ಸಾಕ್ಷಿಯನ್ನು ಅಂದು ನಿಂತಲ್ಲೇ ನಿಲ್ಲಿಸಿ, ವಸ್ತು ಮೊದಲು ಕಂಡ ಮತ್ತು ಕಡೆಗೆ ಮರೆಯಾದ ಬಿಂದುಗಳನ್ನು ಕೈಯಿಂದ ತೋರಿಸಲು ಹೇಳಿ, ದಿಕ್ಸೂಚಿಯಿಂದ ದಿಕ್ಕನ್ನೂ ಕೋನಮಾಪಕದಿಂದ ದಿಗಂತದ ಮೇಲಿನ ಎತ್ತರವನ್ನೂ ಅಳೆದುಕೊಳ್ಳಬೇಕು. ಉಪಕರಣವಿಲ್ಲದಿದ್ದರೆ ಚಾಚಿದ ತೋಳಿನ ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳು ಸುಮಾರು 1 ಡಿಗ್ರಿ ಎಂದು ಲೆಕ್ಕ ಹಿಡಿಯಬಹುದು. ಮರದ ತುದಿ, ಕಟ್ಟಡದ ಮೂಲೆ, ವಿದ್ಯುತ್ ಕಂಬ ಇಂಥ ಗುರುತಿಗೆ ಹೋಲಿಸಿ ಸಾಕ್ಷಿ ಹೇಳಿದ ಸ್ಥಾನ ನೆನಪಿನಿಂದ ಹೇಳಿದ ಡಿಗ್ರಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಅವಧಿಯನ್ನು ತಿಳಿಯಲು, ಅಂದು ಮಾಡಿದ್ದನ್ನೆಲ್ಲ ಮತ್ತೆ ಮಾಡಿ ತೋರಿಸುವಂತೆ ಕೇಳಿ ಗಡಿಯಾರ ನೋಡುವುದೇ ಲೇಸು.

ಸಾಕ್ಷಿ ಪ್ರಾಮಾಣಿಕರೆಂದ ಮಾತ್ರಕ್ಕೆ ಹೇಳಿಕೆಯ ವಿವರವೆಲ್ಲ ನಿಜವಾಗುವುದಿಲ್ಲ. 1968ರ ಮಾರ್ಚ್ 3ರ ರಾತ್ರಿ ಸೋವಿಯತ್ ಒಕ್ಕೂಟದ 'ಜೋಂಡ್-4' ಉಡಾವಣೆಗೆ ಸೇರಿದ ಅವಶೇಷಗಳು ವಾತಾವರಣ ಹೊಕ್ಕು ಉರಿಯುತ್ತ ಅಮೆರಿಕದ ಹಲವು ರಾಜ್ಯಗಳ ಮೇಲೆ ಸಾಗಿದವು. ಸಾಲಾಗಿ ಚಲಿಸಿದ ಬೆಂಕಿಯ ತುಣುಕುಗಳನ್ನು ಬಹಳ ಮಂದಿ ಇದ್ದಂತೆಯೇ ವರ್ಣಿಸಿದರು. ಕೆಲವರು ಮಾತ್ರ ಕಿಟಕಿಗಳಿದ್ದ ಉದ್ದನೆಯ ನೌಕೆಯೊಂದು ತಲೆಯ ಮೇಲೆಯೇ ಹಾದುಹೋಯಿತೆಂದು ಬರೆದರು. ಕಂಡದ್ದು ದೀಪಗಳು, ನಡುವಿನ ಒಡಲನ್ನು ಕಟ್ಟಿಕೊಟ್ಟದ್ದು ಮನಸ್ಸು. ಪೈಲಟ್‌ಗಳೂ ಇದಕ್ಕೆ ಹೊರತಲ್ಲ. ಬ್ಲೂ ಬುಕ್‌ನ ಖಗೋಳ ಸಲಹೆಗಾರರಾಗಿದ್ದ ಜೆ. ಅಲೆನ್ ಹೈನೆಕ್ ಅವರು, ಯುಎಫ್‌ಒ ವಿಷಯವನ್ನು ಗಂಭೀರವಾಗಿ ಪರಿಗಣಿಸಬೇಕೆಂದು ವಾದಿಸುತ್ತಿದ್ದವರೇ ಆಗಿದ್ದರೂ, ಈ ಬಗೆಯ ಗುರುತಿಸುವಿಕೆಯಲ್ಲಿ ಪೈಲಟ್‌ಗಳು ಅಷ್ಟೇನೂ ಉತ್ತಮ ಸಾಕ್ಷಿಗಳಲ್ಲ ಎಂಬ ನಿಲುವಿಗೆ ಬಂದಿದ್ದರು. ಎದುರಿಗೆ ಬಂದದ್ದನ್ನು ತಕ್ಷಣ ಡಿಕ್ಕಿಯ ಅಪಾಯವೆಂದೇ ಎಣಿಸುವ ಅಭ್ಯಾಸ ವಿಮಾನ ಹಾರಿಸಲು ಬೇಕು. ದೂರ ಅಳೆಯಲು ಅದು ನೆರವಾಗುವುದಿಲ್ಲ.

ಆ ಹೊತ್ತಿನ ಆಕಾಶವನ್ನು ಮರಳಿ ಕಟ್ಟುವುದು

ಸಮಯ, ಸ್ಥಳ, ದಿಕ್ಕು, ಎತ್ತರದ ಕೋನ ಕೈಯಲ್ಲಿದ್ದರೆ ಸ್ಟೆಲೇರಿಯಂನಂಥ ಉಚಿತ ತಂತ್ರಾಂಶದಲ್ಲಿ ಆ ಕ್ಷಣದ ಆಕಾಶವನ್ನು ತೆರೆದು ನೋಡಬೇಕು. ಶುಕ್ರ, ಗುರು, ಲುಬ್ಧಕ ನಕ್ಷತ್ರ ಮತ್ತು ದಿಗಂತದ ಸಮೀಪದ ಚಂದ್ರ, ಇವು ಎಲ್ಲ ಕಾಲದ ಮುಖ್ಯ 'ಆರೋಪಿಗಳು'. ದಿಗಂತಕ್ಕೆ ಹತ್ತಿರವಿರುವ ಲುಬ್ಧಕ ಕೆಂಪು, ಹಸಿರು, ನೀಲಿಯಾಗಿ ಮಿನುಗುತ್ತದೆ. ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸುತ್ತಿದ್ದರೆ ಅದು ಅತ್ತಿತ್ತ ಓಲಾಡಿದಂತೆಯೂ ಕಾಣುತ್ತದೆ. ಚಲಿಸುವ ವಾಹನದಿಂದ ನೋಡಿದರೆ ಶುಕ್ರ ಜೊತೆಜೊತೆಗೇ ಬರುತ್ತಿದೆ ಎನ್ನಿಸುತ್ತದೆ.

ಲಡಾಖ್‌ನ ವಾಸ್ತವ ನಿಯಂತ್ರಣ ರೇಖೆಯ ಬಳಿ 2012ರ ಆಗಸ್ಟ್‌ನಿಂದ ಮುಂದಿನ ಫೆಬ್ರವರಿಯವರೆಗೆ ಭಾರತೀಯ ಸೇನೆಯ ತುಕಡಿಗಳು ಎತ್ತರದ ಸರೋವರವೊಂದರ ಮೇಲೆ ಬೆಳಗುವ ವಸ್ತುಗಳನ್ನು 329 ಬಾರಿ ಕಂಡದ್ದಾಗಿ ದಾಖಲಿಸಿದ್ದವು, ಅವು ಚೀನಾದ ಬೇಹುಗಾರಿಕೆ ಡ್ರೋನ್‌ಗಳೆಂಬ ಶಂಕೆಯೂ ಇತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರನ್ನು ಕರೆಸಿ ಪರಿಶೀಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಯಿತು. ಇಲ್ಲಿ ಸೈನಿಕರನ್ನು ಗೇಲಿ ಮಾಡುವಂಥದ್ದೇನೂ ಇಲ್ಲ: ತೆಳುವಾದ, ಶುಭ್ರವಾದ ಗಾಳಿಯಲ್ಲಿ ಗ್ರಹಗಳು ಬಯಲುಸೀಮೆಯವರು ಊಹಿಸಲಾರದಷ್ಟು ಪ್ರಖರವಾಗಿ ಕಾಣುತ್ತವೆ, ಮತ್ತು ಗಡಿ ಕಾಯುವವರು ಅನುಮಾನಪಡುವುದು ಅವರ ಕರ್ತವ್ಯವೇ. ಪ್ರತಿ ವೀಕ್ಷಣೆಗೂ ಸಮಯ ಮತ್ತು ದಿಕ್ಕು ಬರೆದಿಟ್ಟಿದ್ದರೆ ಪರೀಕ್ಷೆ ಸುಲಭ. ನಕ್ಷತ್ರಗಳ ಜೊತೆ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುವ, ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 4 ನಿಮಿಷ ಮೊದಲೇ ಮೂಡುವ ಬೆಳಕು ಡ್ರೋನ್ ಆಗಿರಲಾರದು. ಗ್ರಹಗಳ ವಿಷಯದಲ್ಲಿ ಈ 4 ನಿಮಿಷ ತುಸು ಏರುಪೇರಾಗುತ್ತದೆ, ಅಷ್ಟೆ.

ಗ್ರಹ ನಕ್ಷತ್ರಗಳು ಹೊಂದದಿದ್ದರೆ ಚಲನೆಯ ಅವಧಿಯನ್ನು ನೋಡಬೇಕು. ಉಲ್ಕೆ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ವಾತಾವರಣಕ್ಕೆ ಮರಳುವ ಉಪಗ್ರಹದ ತುಣುಕುಗಳು ಒಂದೆರಡು ನಿಮಿಷ ಕಾಣಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹಲವು ನಿಮಿಷ ಒಂದೇ ಸಮನಾಗಿ ಸಾಗಿ, ಭೂಮಿಯ ನೆರಳು ಹೊಕ್ಕಾಗ ಆಕಾಶದ ನಡುವೆಯೇ ಮಾಯವಾಗುತ್ತದೆ. 2019ರಿಂದೀಚೆಗೆ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸದರಲ್ಲಿ ಸಾಲುಬೆಳಕಾಗಿ ಕಾಣುವುದು ವರದಿಗಳ ಹೊಸ ಮೂಲವಾಗಿದೆ. ಇವೆಲ್ಲವುಗಳ ಹಾದಿಯನ್ನು ಹಿಂದಿನ ದಿನಾಂಕಕ್ಕೂ ಲೆಕ್ಕ ಹಾಕಿಕೊಡುವ ತಾಣಗಳಿವೆ. ಹಗಲಿನಲ್ಲಿ ನಿಧಾನವಾಗಿ ತೇಲಿದ ಬಿಳಿಯ ಚುಕ್ಕೆಯಾದರೆ ಬಲೂನು ನೆನಪಾಗಬೇಕು. ಹವಾಮಾನ ಕೇಂದ್ರಗಳು ಪ್ರಪಂಚದಾದ್ಯಂತ ಸಾಮಾನ್ಯವಾಗಿ ದಿನಕ್ಕೆರಡು ಬಾರಿ, 0 ಮತ್ತು 12 ಗಂಟೆ ಯುಟಿಸಿಯ ಆಸುಪಾಸಿನಲ್ಲಿ, ಉಪಕರಣ ಹೊತ್ತ ಬಲೂನುಗಳನ್ನು ಹಾರಿಸುತ್ತವೆ ಮತ್ತು ಅವು ಅಳೆದ ವಿವಿಧ ಎತ್ತರಗಳ ಗಾಳಿಯ ದಿಕ್ಕು, ವೇಗಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ. ವಸ್ತು ಹೋದ ದಿಕ್ಕು ಯಾವುದಾದರೊಂದು ಎತ್ತರದ ಗಾಳಿಗೆ ಹೊಂದುತ್ತದೆಯೇ ಎಂದು ನೋಡಿ.

ವಿಮಾನಗಳನ್ನು ತಳ್ಳಿಹಾಕುವಾಗ ದೂರದ ಬಗ್ಗೆ ಎಚ್ಚರವಿರಬೇಕು. 2014ರ ನವೆಂಬರ್ 11ರಂದು ಚಿಲಿಯ ನೌಕಾಪಡೆಯ ಹೆಲಿಕಾಪ್ಟರ್ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ವಸ್ತುವೊಂದನ್ನು ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆಯ ಅಧಿಕೃತ ತನಿಖಾ ಘಟಕವಾದ ಸೆಫಾ ಎರಡು ವರ್ಷ ಪರಿಶೀಲಿಸಿ, ಗುರುತಿಸಲಾಗಲಿಲ್ಲವೆಂದು 2017ರ ಜನವರಿಯಲ್ಲಿ ವಿಡಿಯೊ ಬಿಡುಗಡೆ ಮಾಡಿತು. ಹವ್ಯಾಸಿಗಳು ಕೆಲವೇ ದಿನಗಳಲ್ಲಿ ಅದು ಸಾಂಟಿಯಾಗೊದಿಂದ ಮ್ಯಾಡ್ರಿಡ್‌ಗೆ ಹೊರಟ ಐಬಿ 6830 ಪ್ರಯಾಣಿಕ ವಿಮಾನವೆಂದು ಅದರ ಹಾದಿಯ ದಾಖಲೆಯೊಂದಿಗೆ ಹೊಂದಿಸಿ ತೋರಿಸಿದರು. ವಸ್ತು ಹಿಂದೆ ಬಿಟ್ಟಂತೆ ಕಂಡ ಪಟ್ಟೆ ವಿಮಾನದ ಆವಿರೇಖೆಯಾಗಿತ್ತು. ತಜ್ಞರು ಎಡವಿದ್ದು ಒಂದೇ ಕಡೆ: ವಸ್ತು ಇದ್ದದ್ದಕ್ಕಿಂತ ಹತ್ತಿರದಲ್ಲಿದೆ ಎಂಬ ಅಂದಾಜನ್ನು ಸತ್ಯವೆಂದು ಹಿಡಿದು, ರಾಡಾರ್ ದಾಖಲೆಯನ್ನು ಆ ಜಾಗದಲ್ಲಿ ಹುಡುಕಿದರು. ಆದ್ದರಿಂದ ದೂರವನ್ನು ಅಂದಾಜಿಸದೆ, ಸಾಕ್ಷಿಯಿಂದ ಆ ದಿಕ್ಕಿಗೆ ನಕ್ಷೆಯ ಮೇಲೆ ಗೆರೆಯೊಂದನ್ನು ಎಳೆದು, ದಿಗಂತದವರೆಗೂ ಆ ಗೆರೆಯನ್ನು ಆ ಹೊತ್ತಿನಲ್ಲಿ ದಾಟಿದ ಪ್ರತಿಯೊಂದು ವಿಮಾನವನ್ನೂ ಪಟ್ಟಿ ಮಾಡಬೇಕು. ಸೇನಾ ವಿಮಾನಗಳು ಹಲವು ಬಾರಿ ತಮ್ಮ ಸ್ಥಾನವನ್ನು ಬಿತ್ತರಿಸುವುದಿಲ್ಲ ಎಂಬುದನ್ನೂ ಪಟ್ಟಿಯ ಕೆಳಗೆ ಬರೆದಿಡಬೇಕು.

ಛಾಯಾಚಿತ್ರದ ಪರೀಕ್ಷೆ

ಛಾಯಾಚಿತ್ರ ಸಿಕ್ಕಿದೆ ಎಂದಾಗ ಪ್ರಕರಣ ಗಟ್ಟಿಯಾಯಿತೆಂದು ಜನ ಭಾವಿಸುತ್ತಾರೆ. ತನಿಖೆಯ ದೃಷ್ಟಿಯಿಂದ ಅದು ಇನ್ನೊಬ್ಬ ಸಾಕ್ಷಿಯಷ್ಟೇ, ಅದನ್ನೂ ಪಾಟೀಸವಾಲಿಗೆ ಒಳಪಡಿಸಲೇಬೇಕು.

ಮೊದಲ ಬೇಡಿಕೆ ಮೂಲ ಪ್ರತಿ. ಫಿಲ್ಮ್ ಕಾಲದ ಚಿತ್ರವಾದರೆ ಮುದ್ರಿತ ಪ್ರತಿ ಸಾಲದು, ನೆಗೆಟಿವ್ ಬೇಕು. ಒಂದು ಚೌಕಟ್ಟು ಸಾಲದು, ಇಡೀ ಸುರುಳಿ ಬೇಕು. ಹಿಂದಿನ ಮುಂದಿನ ಚೌಕಟ್ಟುಗಳಲ್ಲಿ ಬೇರೆ ಬೇರೆ ಕೋನಗಳಿಂದ ಪ್ರಯೋಗ ಮಾಡಿದ ಗುರುತು ಇದ್ದರೆ, ಅಥವಾ ಸಾಕ್ಷಿ ಹೇಳಿದ ಕ್ರಮಕ್ಕೂ ಸುರುಳಿಯ ಕ್ರಮಕ್ಕೂ ತಾಳೆಯಾಗದಿದ್ದರೆ, ವಿಚಾರಣೆ ಅಲ್ಲಿಂದಲೇ ಶುರುವಾಗಬೇಕು. ಡಿಜಿಟಲ್ ಚಿತ್ರವಾದರೆ ಕ್ಯಾಮೆರಾ ಅಥವಾ ಫೋನ್‌ನಿಂದ ನೇರವಾಗಿ ನಕಲು ಮಾಡಿಕೊಂಡ ಕಡತವೇ ಆಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಚಿತ್ರ ಕುಗ್ಗಿರುತ್ತದೆ, ಅದರೊಳಗಿನ ಸಮಯ, ಶಟರ್ ವೇಗ, ಫೋಕಲ್ ಲೆಂಗ್ತ್, ಸ್ಥಳದ ಮಾಹಿತಿ ಅಳಿಸಿಹೋಗಿರುತ್ತದೆ. ಕಡತದ ಕ್ರಮಸಂಖ್ಯೆಯನ್ನೂ ಗಮನಿಸಿ. ಅಕ್ಕಪಕ್ಕದ ಸಂಖ್ಯೆಗಳ ಚಿತ್ರಗಳು ಇಲ್ಲವಾಗಿದ್ದರೆ ಏಕೆಂದು ಕೇಳಿ. ಪ್ರತಿ ಹಸ್ತಾಂತರಕ್ಕೂ ಯಾರು, ಯಾರಿಗೆ, ಯಾವಾಗ ಕೊಟ್ಟರೆಂದು ಬರೆದಿಡಬೇಕು. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಚಿತ್ರಗಳು ಸುಲಭವಾಗಿರುವ ಈ ದಿನಗಳಲ್ಲಿ, ಮೂಲ ಉಪಕರಣ ನೋಡದೆ ಕೇವಲ ಚಿತ್ರದ ಮೇಲೆ ಅಭಿಪ್ರಾಯ ಕೊಡಲು ಒಪ್ಪಿಕೊಳ್ಳದಿರುವುದೇ ಮೇಲು.

ಎರಡನೆಯದು ಕೋನೀಯ ಅಳತೆ. ನೆಗೆಟಿವ್ ಮೇಲಿನ ವಸ್ತುವಿನ ಅಗಲವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಕೋನ ಸಿಗುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದ ನೆಗೆಟಿವ್ ಮೇಲೆ ವಸ್ತು 2 ಮಿಲಿಮೀಟರ್ ಅಗಲವಿದ್ದರೆ ಭಾಗಲಬ್ಧ 0.04 ರೇಡಿಯನ್, ಅಂದರೆ ಸುಮಾರು 2.3 ಡಿಗ್ರಿ. ಇದರ ಅರ್ಥ, ವಸ್ತು 10 ಮೀಟರ್ ದೂರದಲ್ಲಿದ್ದರೆ ಅದರ ಅಗಲ 40 ಸೆಂಟಿಮೀಟರ್; 100 ಮೀಟರ್ ದೂರದಲ್ಲಿದ್ದರೆ 4 ಮೀಟರ್; 1 ಕಿಲೋಮೀಟರ್ ದೂರದಲ್ಲಿದ್ದರೆ 40 ಮೀಟರ್. ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ, ದಾರದಲ್ಲಿ ನೇತುಹಾಕಿದ ಮುಚ್ಚಳವೂ ದೂರದ ಬೃಹತ್ ಯಂತ್ರವೂ ಅದೇ ಚಿತ್ರವನ್ನು ಕೊಡಬಲ್ಲವೆಂಬುದು ಕಣ್ಣಿಗೆ ಕಟ್ಟುತ್ತದೆ. ಫೋನ್ ಚಿತ್ರಕ್ಕೆ ಇನ್ನೂ ಸರಳ ಉಪಾಯವಿದೆ: ಅದೇ ಫೋನಿನಲ್ಲಿ, ಅದೇ ಜೂಮ್‌ನಲ್ಲಿ, ಬೆಳಕನ್ನು ತಗ್ಗಿಸಿಕೊಂಡು ಹುಣ್ಣಿಮೆಯ ಚಂದ್ರನ ಚಿತ್ರ ತೆಗೆದು ಅದರ ಅಗಲ ಎಷ್ಟು ಪಿಕ್ಸೆಲ್ ಎಂದು ಎಣಿಸಬೇಕು. ಚಂದ್ರ 20 ಪಿಕ್ಸೆಲ್ ಇದ್ದು ವಸ್ತು 60 ಪಿಕ್ಸೆಲ್ ಇದ್ದರೆ, ವಸ್ತುವಿನ ಕೋನ ಒಂದೂವರೆ ಡಿಗ್ರಿ.

ದೂರವನ್ನು ಚಿತ್ರದಿಂದಲೇ ಹಿಂಡಿ ತೆಗೆಯಲು ಸಾಧ್ಯವೇ? ಕೆಲವೊಮ್ಮೆ ಸಾಧ್ಯ. ದೂರದ ಕಪ್ಪು ವಸ್ತುಗಳು ನಡುವಿನ ಗಾಳಿಯ ಮಬ್ಬಿನಿಂದಾಗಿ ತುಸು ಬಿಳಿಚಿಕೊಂಡು ಕಾಣುತ್ತವೆ. ಹತ್ತಿರದ ನೆರಳು ಕಡುಕಪ್ಪಾಗಿಯೇ ಇರುತ್ತದೆ. 1950ರ ಮೇ ತಿಂಗಳಲ್ಲಿ ಒರೆಗಾನ್‌ನ ಮ್ಯಾಕ್‌ಮಿನ್‌ವಿಲ್ ಬಳಿಯ ಹೊಲಮನೆಯೊಂದರಲ್ಲಿ ತೆಗೆದ, ತಟ್ಟೆಯಂಥ ವಸ್ತುವೊಂದರ ಎರಡು ಪ್ರಸಿದ್ಧ ಚಿತ್ರಗಳನ್ನು, ವಾಯುಪಡೆಯ ಹಣದಿಂದ ನಡೆದ ಕೊಲರಾಡೊ ವಿಶ್ವವಿದ್ಯಾಲಯದ ಕಾಂಡನ್ ಸಮಿತಿಗಾಗಿ ಪರೀಕ್ಷಿಸಿದ ವಿಲಿಯಂ ಹಾರ್ಟ್‌ಮನ್ ಇದೇ ತತ್ತ್ವದಿಂದ ನೆಗೆಟಿವ್‌ನ ಸಾಂದ್ರತೆ ಅಳೆದು, ವಸ್ತು ದೂರದಲ್ಲಿದ್ದಿರಬಹುದೆಂಬ ಕಡೆಗೆ ವಾಲಿದರು. ನಂತರದ ವಿಮರ್ಶಕರು ಲೆನ್ಸಿನ ಮೇಲೆ ಜಿಡ್ಡು ಅಥವಾ ಮಸುಕು ಇದ್ದರೂ ಹತ್ತಿರದ ವಸ್ತು ಹಾಗೆಯೇ ಬಿಳಿಚುತ್ತದೆ ಎಂದರು. ಚಿತ್ರದ ಮೇಲ್ಭಾಗದಲ್ಲಿ ಹಾದುಹೋಗಿದ್ದ ತಂತಿಗಳನ್ನು ತೋರಿಸಿ, ವಸ್ತುವನ್ನು ಅವುಗಳಿಂದ ನೇತುಹಾಕಿರಬಹುದು ಎಂದರು. ಸಂಜೆ ತೆಗೆದದ್ದೆಂದು ಹೇಳಲಾದ ಚಿತ್ರದಲ್ಲಿ ಕಟ್ಟಡದ ಮೇಲಿನ ನೆರಳುಗಳು ಬೆಳಗಿನ ಹೊತ್ತನ್ನು ಸೂಚಿಸುತ್ತವೆ ಎಂದೂ ವಾದಿಸಿದರು. ವಾದ ಇನ್ನೂ ಮುಗಿದಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದಿಂದ ಕಲಿಯಬೇಕಾದ ವಿಧಾನ ನೆರಳಿನದು: ಸೂರ್ಯನ ದಿಕ್ಕನ್ನು ಯಾರೂ ತಿದ್ದಲಾರರು, ಹಾಗಾಗಿ ಚಿತ್ರದ ನೆರಳು ಸಾಕ್ಷಿ ಹೇಳಿದ ಗಂಟೆಗೆ ಹೊಂದುತ್ತದೆಯೇ ಎಂಬುದನ್ನು ಉಳಿದೆಲ್ಲಕ್ಕಿಂತ ಮೊದಲು ನೋಡಬೇಕು.

ಮೂರನೆಯದಾಗಿ, ಕ್ಯಾಮೆರಾ ತಾನೇ ಸೃಷ್ಟಿಸುವ ರೂಪಗಳನ್ನು ಬೇರ್ಪಡಿಸಬೇಕು. ಸೂರ್ಯ ಅಥವಾ ಬೀದಿದೀಪ ಚೌಕಟ್ಟಿನಲ್ಲಿದ್ದರೆ, ಅದರಿಂದ ಚಿತ್ರದ ನಟ್ಟನಡುವಿನ ಮೂಲಕ ಗೆರೆಯೊಂದನ್ನು ಎಳೆಯಿರಿ. ಅನುಮಾನದ ಬೆಳಕು ಆ ಗೆರೆಯ ಮೇಲೆ, ಕೇಂದ್ರದ ಆಚೆ ಬದಿಯಲ್ಲಿ ಬಿದ್ದಿದ್ದರೆ ಅದು ಬಹುಮಟ್ಟಿಗೆ ಲೆನ್ಸಿನೊಳಗಿನ ಪ್ರತಿಫಲನ. ಗಾಜಿನ ಕಿಟಕಿಯ ಹಿಂದಿನಿಂದ ತೆಗೆದ ಚಿತ್ರದಲ್ಲಿ ಕೋಣೆಯ ದೀಪಗಳೇ ಆಕಾಶದಲ್ಲಿ ತೇಲುತ್ತವೆ. ತೆಗೆಯುವಾಗ ಕಾಣದೆ, ಚಿತ್ರದಲ್ಲಿ ಮಾತ್ರ ಆಮೇಲೆ ಕಂಡ ಗಾಢ ಅಂಡಾಕಾರ ಹೆಚ್ಚಾಗಿ ಲೆನ್ಸಿನ ಮುಂದೆ ಹಾದ ಕೀಟ ಅಥವಾ ರೆಕ್ಕೆ ಬಡಿಯುತ್ತಿದ್ದ ಹಕ್ಕಿ. ಫೋಕಸ್ ತಪ್ಪಿದ ಬೆಳಕಿನ ಬಿಂದು ಲೆನ್ಸಿನ ಅಪರ್ಚರ್‌ನ, ಅಂದರೆ ಬೆಳಕು ಒಳಹೋಗುವ ರಂಧ್ರದ, ಆಕಾರವನ್ನೇ ತಾಳುತ್ತದೆ. 2019ರಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಅಮೆರಿಕದ ಯುದ್ಧನೌಕೆಯಿಂದ ಸೆರೆಹಿಡಿದ ಮಿನುಗುವ ತ್ರಿಕೋನಗಳ ವಿಡಿಯೊ ಬಹಳ ಸದ್ದು ಮಾಡಿತ್ತು. ನೌಕಾಪಡೆಯ ಗುಪ್ತಚರ ಉಪನಿರ್ದೇಶಕ ಸ್ಕಾಟ್ ಬ್ರೇ 2022ರ ಮೇ ತಿಂಗಳಲ್ಲಿ ಸಂಸದೀಯ ಸಮಿತಿಯ ಮುಂದೆ, ರಾತ್ರಿದೃಷ್ಟಿ ಉಪಕರಣದ ಮೂಲಕ ಹಾದ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದದ್ದರಿಂದ ಆ ತ್ರಿಕೋನ ಮೂಡಿತೆಂದು ವಿವರಿಸಿದರು. ಅಲ್ಲಿದ್ದದ್ದು ಡ್ರೋನ್‌ಗಳ ಬೆಳಕೆಂಬುದು ಅವರ ಅಭಿಪ್ರಾಯವಾಗಿತ್ತು. ಇಂಥ ಅನುಮಾನ ಬಂದರೆ ಅದೇ ಉಪಕರಣದಿಂದ ಗೊತ್ತಿರುವ ನಕ್ಷತ್ರವೊಂದನ್ನು ಫೋಕಸ್ ತಪ್ಪಿಸಿ ತೆಗೆದು ನೋಡುವುದು ಸಾಕು.

ಚಲಿಸುವ ಚಿತ್ರ ಮತ್ತು ರಾಡಾರ್

ಇನ್ನೂ ಆಕಾಶದಲ್ಲಿ ವಸ್ತು ಕಾಣುತ್ತಿರುವಾಗಲೇ ಚಿತ್ರೀಕರಿಸುವ ಅವಕಾಶ ಸಿಕ್ಕವರಿಗೆ ಒಂದು ಮಾತು. 1952ರ ಜುಲೈ 2ರಂದು ಯೂಟಾ ರಾಜ್ಯದ ಟ್ರೆಮಂಟನ್ ಬಳಿ ನೌಕಾಪಡೆಯ ಛಾಯಾಗ್ರಾಹಕ ಡೆಲ್ಬರ್ಟ್ ನ್ಯೂಹೌಸ್ ಆಕಾಶದಲ್ಲಿ ಸುತ್ತುತ್ತಿದ್ದ ಹತ್ತಾರು ಹೊಳೆಯುವ ಚುಕ್ಕೆಗಳನ್ನು 16 ಮಿಲಿಮೀಟರ್ ಫಿಲ್ಮಿನಲ್ಲಿ ಹಿಡಿದರು. ಗುಂಪಿನಿಂದ ಒಂದು ಚುಕ್ಕೆ ಬೇರೆಯಾಗಿ ಹೊರಟಾಗ ಅವರು ಅದನ್ನು ಹಿಂಬಾಲಿಸದೆ, ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದು ಅದು ಚೌಕಟ್ಟನ್ನು ದಾಟಿಹೋಗಲು ಬಿಟ್ಟರು. ಇದರಿಂದ ಕೋನೀಯ ವೇಗ ಅಳೆಯಲು ಸಾಧ್ಯವಾಯಿತು. ಆದರೆ ಚೌಕಟ್ಟಿನಲ್ಲಿ ಬೆಟ್ಟವಾಗಲಿ ಕಂಬವಾಗಲಿ ಇರಲಿಲ್ಲ. ನೌಕಾಪಡೆಯ ಪ್ರಯೋಗಾಲಯ ಸುಮಾರು 1,000 ಗಂಟೆಗಳ ಕೆಲಸದ ನಂತರ ಅವು ಹಕ್ಕಿಗಳಲ್ಲ, ವಿಮಾನಗಳಲ್ಲ ಎಂದಿತು. 1953ರ ಜನವರಿಯಲ್ಲಿ ಸಿಐಎ ಕೂಡಿಸಿದ ರಾಬರ್ಟ್‌ಸನ್ ಸಮಿತಿ ಅದೇ ಫಿಲ್ಮ್ ನೋಡಿ, ಬಿಸಿಲಿನಲ್ಲಿ ಹೊಳೆದ ಕಡಲಹಕ್ಕಿಗಳೇ ಇರಬೇಕೆಂದಿತು. ದೂರ ಗೊತ್ತಿಲ್ಲದ ಮೇಲೆ ಗಂಟೆಗಳ ಲೆಕ್ಕ ಎಷ್ಟಿದ್ದರೇನು? ಆದ್ದರಿಂದ ಚಿತ್ರೀಕರಿಸುವವರು ಜೂಮ್ ಮಾಡುವ ಆಸೆ ತಡೆದುಕೊಂಡು, ಮರ ಅಥವಾ ಕಟ್ಟಡದ ಅಂಚನ್ನು ಚೌಕಟ್ಟಿನೊಳಗೆ ಸೇರಿಸಿ, ಕ್ಯಾಮೆರಾವನ್ನು ಗೋಡೆಗೆ ಆನಿಸಿ ನಿಲ್ಲಿಸಬೇಕು. ಕೆಲವು ಮೀಟರ್ ಪಕ್ಕಕ್ಕೆ ಸರಿದು ಇನ್ನೊಂದು ಚಿತ್ರ ತೆಗೆದರೆ ಹತ್ತಿರದ ವಸ್ತುವಾಗಿದ್ದಲ್ಲಿ ಅದು ಹಿನ್ನೆಲೆಗೆ ಹೋಲಿಸಿದಂತೆ ಸ್ಥಾನ ಬದಲಿಸುತ್ತದೆ. ಒಂದೆರಡು ಕಿಲೋಮೀಟರ್ ಅಂತರದಲ್ಲಿ ಇನ್ನೊಬ್ಬರು ಅದೇ ಕ್ಷಣದಲ್ಲಿ ದಿಕ್ಕು ಅಳೆದಿದ್ದರೆ ದೂರದ ಪ್ರಶ್ನೆಯೇ ಬಗೆಹರಿಯುತ್ತದೆ.

ಸೇನಾ ಕ್ಯಾಮೆರಾಗಳ ಪರದೆಯ ಮೇಲಿರುವ ಅಂಕಿಗಳನ್ನು ಓದದೆ ದೃಶ್ಯವನ್ನಷ್ಟೇ ನೋಡುವುದು ದೊಡ್ಡ ಪ್ರಮಾದ. ಪೆಂಟಗನ್ 2020ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ ಮೂರು ವಿಡಿಯೊಗಳಲ್ಲಿ 'ಗೋಫಾಸ್ಟ್' ಎಂಬುದೊಂದು. ಅದರಲ್ಲಿ ಪುಟ್ಟ ಬಿಳಿ ವಸ್ತು ಸಮುದ್ರದ ಮೇಲ್ಮೈಗೆ ತಾಗಿದಂತೆ ಅತಿವೇಗದಲ್ಲಿ ಹಾರುವುದನ್ನು ನೋಡಿದವರೆಲ್ಲ ಬೆರಗಾದರು. ಆದರೆ ಪರದೆಯ ಮೇಲೆ ವಿಮಾನದ ಎತ್ತರ 25,000 ಅಡಿ, ಕ್ಯಾಮೆರಾ ಕೆಳಮುಖವಾಗಿರುವ ಕೋನ, ವಸ್ತುವಿಗಿರುವ ದೂರ ಎಲ್ಲವೂ ಇತ್ತು. ದೂರವನ್ನು ಆ ಕೋನದ ಸೈನ್ ಬೆಲೆಯಿಂದ ಗುಣಿಸಿ ವಿಮಾನದ ಎತ್ತರದಿಂದ ಕಳೆದರೆ ವಸ್ತುವಿನ ಎತ್ತರ ಬರುತ್ತದೆ: ಸುಮಾರು 13,000 ಅಡಿ. ಅಂದರೆ ಅದು ಸಮುದ್ರದಿಂದ ಬಹಳ ಮೇಲಿತ್ತು, ಮತ್ತು ಕಂಡ ವೇಗದಲ್ಲಿ ಹೆಚ್ಚಿನ ಪಾಲು ಕ್ಯಾಮೆರಾ ಹೊತ್ತ ವಿಮಾನದ್ದೇ ಆಗಿತ್ತು. ನಾಸಾ ನೇಮಿಸಿದ ತಜ್ಞರ ತಂಡ 2023ರ ಸೆಪ್ಟೆಂಬರ್ ವರದಿಯಲ್ಲಿ ಇದೇ ಲೆಕ್ಕದಿಂದ ವಸ್ತುವಿನ ಸರಾಸರಿ ವೇಗ ಗಂಟೆಗೆ ಸುಮಾರು 40 ಮೈಲಿ ಎಂದು ತೋರಿಸಿತು. ಗಾಳಿಗೆ ತೇಲುವ ವಸ್ತುವಿಗೆ ಆ ವೇಗ ಸಾಕು.

ರಾಡಾರ್‌ನಲ್ಲೂ ಕಂಡಿತು ಎಂಬ ಮಾತು ಬಂದಾಗ ಅಂದಿನ ಹವಾಮಾನದ ವರದಿ ತರಿಸಬೇಕು. 1952ರ ಜುಲೈ 19-20 ಮತ್ತು 26-27ರ ರಾತ್ರಿಗಳಲ್ಲಿ ವಾಷಿಂಗ್ಟನ್ ನಗರದ ಮೇಲೆ ರಾಡಾರ್ ಚುಕ್ಕೆಗಳು ಮೂಡಿ, ಡೆಲವೇರ್‌ನಿಂದ ಎಫ್-94 ಯುದ್ಧವಿಮಾನಗಳು ಹಾರಿಬಂದಿದ್ದವು. ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತಾಗ ರಾಡಾರ್ ಅಲೆಗಳು ಬಾಗಿ ನೆಲದ ವಸ್ತುಗಳನ್ನೇ ಆಕಾಶದಲ್ಲಿರುವಂತೆ ತೋರಿಸುತ್ತವೆ ಎಂಬುದು ಜುಲೈ 29ರ ಪತ್ರಿಕಾಗೋಷ್ಠಿಯಲ್ಲಿ ಮೇಜರ್ ಜನರಲ್ ಜಾನ್ ಸ್ಯಾಮ್‌ಫರ್ಡ್ ಮುಂದಿಟ್ಟ ವಿವರಣೆ. ರಾಡಾರ್ ಸಿಬ್ಬಂದಿಯಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ಕಣ್ಣಿಗೆ ಕಂಡದ್ದೂ ರಾಡಾರ್ ಚುಕ್ಕೆಯೂ ಒಂದೇ ದಿಕ್ಕಿನಲ್ಲಿ, ಒಂದೇ ಕ್ಷಣದಲ್ಲಿ ಇದ್ದವೇ ಎಂದು ನಿಮಿಷ ನಿಮಿಷಕ್ಕೆ ತಾಳೆ ನೋಡದೆ ಎರಡನ್ನೂ ಒಂದೇ ವಸ್ತುವೆಂದು ಬರೆಯಬಾರದು.

ತೀರ್ಮಾನವನ್ನು ಬರೆಯುವ ಬಗೆ

ಕಡತ ಮುಚ್ಚುವಾಗ ಎರಡು ಷರಾಗಳನ್ನು ಕಲಸುಮೇಲೋಗರ ಮಾಡಬಾರದು. ಮಾಹಿತಿ ಸಾಲದ್ದರಿಂದ ಹೇಳಲಾಗದು ಎಂಬುದು ಒಂದು. ಸಾಕಷ್ಟು ಮಾಹಿತಿಯಿದ್ದೂ ಗೊತ್ತಿರುವ ಯಾವುದಕ್ಕೂ ಹೊಂದಲಿಲ್ಲ ಎಂಬುದು ಇನ್ನೊಂದು. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯೊಳಗೆ 1977ರಲ್ಲಿ ಆರಂಭವಾಗಿ ಈಗ ಗೈಪಾನ್ ಎಂಬ ಹೆಸರಿರುವ ಘಟಕ ಇದನ್ನು ಅಚ್ಚುಕಟ್ಟಾಗಿ ವಿಂಗಡಿಸುತ್ತದೆ: 'ಎ' ಖಚಿತವಾಗಿ ಗುರುತಿಸಿದ್ದು, 'ಬಿ' ಬಹುಶಃ ಗುರುತಿಸಿದ್ದು, 'ಸಿ' ಮಾಹಿತಿ ಸಾಲದ್ದು, 'ಡಿ' ತನಿಖೆಯ ನಂತರವೂ ಗುರುತಿಸಲಾಗದ್ದು. ಈ ವಿಂಗಡಣೆ ಇಲ್ಲದಿದ್ದರೆ ಸಂಖ್ಯೆಗಳು ದಾರಿ ತಪ್ಪಿಸುತ್ತವೆ. ಅಮೆರಿಕದ ಗುಪ್ತಚರ ನಿರ್ದೇಶಕರ ಕಚೇರಿ 2021ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ 144 ಪ್ರಕರಣಗಳ ಪೈಕಿ ಗಾಳಿ ಇಳಿಯುತ್ತಿದ್ದ ಬಲೂನೊಂದನ್ನು ಮಾತ್ರ ಖಚಿತವಾಗಿ ಗುರುತಿಸಲಾಗಿತ್ತು. ಉಳಿದ 143 ಅದ್ಭುತಗಳೆಂದು ಹಲವರು ಓದಿಕೊಂಡರು. ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ಇಲ್ಲವೆಂದು ವರದಿಯೇ ಹೇಳಿತ್ತು.

'ಬಹುಶಃ ಶುಕ್ರ' ಎಂದು ಬರೆಯುವುದಾದರೆ ಅದರ ಕೆಳಗೆ ಆ ಹೊತ್ತಿನಲ್ಲಿ ಶುಕ್ರನಿದ್ದ ದಿಕ್ಕು, ಎತ್ತರದ ಕೋನ, ಸಾಕ್ಷಿ ತೋರಿಸಿದ ದಿಕ್ಕು, ಎತ್ತರದ ಕೋನ, ಎರಡರ ನಡುವಿನ ವ್ಯತ್ಯಾಸ ಎಷ್ಟು ಡಿಗ್ರಿ ಎಂಬುದನ್ನು ಬರೆಯಲೇಬೇಕು. ಹೊಂದದ ವಿವರಗಳನ್ನು ಅಡಗಿಸದೆ ಅಲ್ಲೇ ದಾಖಲಿಸಬೇಕು. ಬ್ಲೂ ಬುಕ್‌ನ ಕೊನೆಯ ವರ್ಷಗಳ ಮೇಲಿನ ದೂರುಗಳಲ್ಲಿ ಹೆಚ್ಚಿನವು, ಹೈನೆಕ್ ಅವರದೂ ಸೇರಿದಂತೆ, ಹೊಂದದ ಉತ್ತರವನ್ನೂ ತುರುಕಿ ಕಡತ ಮುಚ್ಚಲಾಯಿತು ಎಂಬುದರ ಬಗ್ಗೆಯೇ ಇದ್ದವು, ಮತ್ತು ಕೆಲವು ಕಡತಗಳನ್ನು ಓದಿದಾಗ ಆ ದೂರು ನ್ಯಾಯವಾದದ್ದೇ ಎನ್ನಿಸುತ್ತದೆ. ಸಾಕ್ಷಿಯ ಹೆಸರು, ವಿಳಾಸಗಳನ್ನು ಬೇರೆ ಹಾಳೆಯಲ್ಲಿಟ್ಟು ಸಾರ್ವಜನಿಕ ಪ್ರತಿಯಿಂದ ತೆಗೆದುಹಾಕಬೇಕು. ಮೂಲ ನೆಗೆಟಿವ್ ಅಥವಾ ಕಡತವನ್ನು ನಕಲು ಮಾಡಿಕೊಂಡು ರಸೀದಿಯೊಂದಿಗೆ ಮಾಲೀಕರಿಗೆ ಹಿಂತಿರುಗಿಸಬೇಕು. ಮ್ಯಾಕ್‌ಮಿನ್‌ವಿಲ್‌ನ ನೆಗೆಟಿವ್‌ಗಳು ಪತ್ರಿಕೆಗಳ ಕೈಸೇರಿ, ಕಾಂಡನ್ ಸಮಿತಿಯ ಕಾಲದಲ್ಲಿ ಸುದ್ದಿಸಂಸ್ಥೆಯೊಂದರ ಕಪಾಟಿನಲ್ಲಿ ಪತ್ತೆಯಾಗುವವರೆಗೆ ವರ್ಷಗಟ್ಟಲೆ ಯಾರ ಲೆಕ್ಕದಲ್ಲೂ ಇರಲಿಲ್ಲ. 'ಸಿ' ಮತ್ತು 'ಡಿ' ಷರಾ ಪಡೆದ ಕಡತಗಳ ಮೇಲೆ, ಯಾವ ಹೊಸ ಮಾಹಿತಿ ಸಿಕ್ಕರೆ ಅವುಗಳನ್ನು ಮತ್ತೆ ತೆರೆಯಬೇಕು ಎಂಬುದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಿ ಇಡಬೇಕು.